ನಯಾಗರದ ಎರಡು ದಡ

ನಯಾಗರ ಜಲಪಾತದ ಒಂದು ದಡ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸೇರಿದುದು. ಇನ್ನೊಂದು ದಡ ಕೆನಡಾ ದೇಶದ್ದು. ಎರಡು ದಡಗಳ ಮೇಲಿನ ಊರುಗಳಿಗೂ ಹೆಸರು ಒಂದೇ, ನಯಾಗರ ಫಾಲ್ಸ್. ನಡುವೆ ಒಂದು ಸೇತುವೆ. ಬ್ರಿಟನ್ನಿನ ಒಂದೇ ಕಾರ್ಖಾನೆಯಲ್ಲಿ ಒಂದೇ ಕಾಲ ದುಡಿದು, ಸರ್ಕಾರಕ್ಕೆ ಒಂದೇ ಮೊತ್ತದ ವಂತಿಗೆ ಕಟ್ಟಿ, ಒಂದೇ ದಿನ ನಿವೃತ್ತರಾದ ಇಬ್ಬರು ಗೆಳೆಯರು ತಮ್ಮ ತಮ್ಮ ಮಕ್ಕಳ ಬಳಿಗೆಂದು ಹೊರಟು, ಒಬ್ಬನು ಈ ದಡದಲ್ಲಿಯೂ ಮತ್ತೊಬ್ಬನು ಆ ದಡದಲ್ಲಿಯೂ ನೆಲೆಸಿದರೆಂದು ಭಾವಿಸಬಹುದು. ಬ್ರಿಟಿಷ್ ಸರ್ಕಾರದ ವೃದ್ಧಾಪ್ಯ ಪಿಂಚಣಿ ಇಬ್ಬರಿಗೂ ತಪ್ಪದೆ ಬರುತ್ತದೆ. ಆದರೆ ಅಮೆರಿಕದ ದಡದವನ ಪಿಂಚಣಿ ಪ್ರತಿವರ್ಷವೂ ಏಪ್ರಿಲ್ ತಿಂಗಳಲ್ಲಿ ಏರುತ್ತದೆ. ಕೆನಡಾದ ದಡದವನದು ಮೊದಲ ದಿನ ಎಷ್ಟಿತ್ತೋ ಕೊನೆಯುಸಿರಿನವರೆಗೂ ಅಷ್ಟೇ.

ಗೆಳೆಯರಿಬ್ಬರು ಕಲ್ಪನೆಯವರು, ನಿಯಮ ಕಲ್ಪನೆಯದಲ್ಲ. ಸುಮಾರು ನಾಲ್ಕೂವರೆ ಲಕ್ಷ ಮಂದಿ ಬ್ರಿಟಿಷ್ ಪಿಂಚಣಿದಾರರ ಸ್ಥಿತಿ ಆ ಕೆನಡಾದ ದಡದವನ ಸ್ಥಿತಿಯೇ ಆಗಿದೆ. ಅವರಲ್ಲಿ ಬಹುಪಾಲು ಜನ ಆಸ್ಟ್ರೇಲಿಯ, ಕೆನಡಾ, ನ್ಯೂಜಿಲೆಂಡುಗಳಲ್ಲಿದ್ದಾರೆ. ಉಳಿದವರು ದಕ್ಷಿಣ ಆಫ್ರಿಕ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೊದಲಾದ ಕಡೆಗಳಲ್ಲಿ ಚದುರಿಹೋಗಿದ್ದಾರೆ. ಇಂಗ್ಲಿಷರು ಇದಕ್ಕೆ ‘ಹೆಪ್ಪುಗಟ್ಟಿದ ಪಿಂಚಣಿ’ ಎಂದು ಹೆಸರಿಟ್ಟಿದ್ದಾರೆ. ಕನ್ನಡದ ಮನೆಮಾತಿನಲ್ಲಿ ಹೇಳುವುದಾದರೆ, ತುಟ್ಟಿಭತ್ಯೆಯಿಲ್ಲದ ಪಿಂಚಣಿ. ತುಟ್ಟಿಭತ್ಯೆಯ ಆದೇಶ ಎಂದು ಹೊರಬೀಳುವುದೋ ಎಂದು ಪತ್ರಿಕೆಯ ಮೂಲೆಮೂಲೆಯನ್ನೂ ಶೋಧಿಸುವ ನಿವೃತ್ತರಿರುವ ಮನೆಗಳಲ್ಲಿ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಭಾರತದಲ್ಲಿ ಪಿಂಚಣಿ ಎಂದೊಡನೆ ನೆನಪಿಗೆ ಬರುವುದು ಸರ್ಕಾರಿ ನೌಕರ. ಬ್ರಿಟನ್ನಿನ ಈ ಪಿಂಚಣಿಯಾದರೋ ನೌಕರನಿಗೆ ಧಣಿ ಕೊಡುವುದಲ್ಲ. ಪ್ರಜೆಗೆ ರಾಜ್ಯ ಕೊಡುವುದು. ಗಣಿಯ ಕೂಲಿಕಾರ, ಅಂಗಡಿಯ ಗುಮಾಸ್ತ, ಕ್ಷೌರಿಕ, ಶಾಲೆಯ ಉಪಾಧ್ಯಾಯಿನಿ, ಯಾರೇ ಆಗಲಿ, ದುಡಿಯುವ ಕಾಲದಲ್ಲಿ ‘ನ್ಯಾಷನಲ್ ಇನ್ಷೂರೆನ್ಸ್’ ಎಂಬ ವಂತಿಗೆಯನ್ನು ಕಟ್ಟುತ್ತ ಬಂದರೆ ಮುಪ್ಪಿನಲ್ಲಿ ವಾರಕ್ಕಿಷ್ಟು ಎಂದು ಹಣ ಪಡೆಯುತ್ತಾರೆ. ೨೦೧೦ಕ್ಕೆ ಮೊದಲು ಪೂರ್ಣ ಪಿಂಚಣಿಯ ಹಕ್ಕು ಬರಬೇಕಾದರೆ ಗಂಡಸರು ೪೪ ವರ್ಷಗಳ, ಹೆಂಗಸರು ೩೯ ವರ್ಷಗಳ ವಂತಿಗೆಯ ದಾಖಲೆ ತೋರಿಸಬೇಕಾಗಿತ್ತು. ೨೦೧೬ರ ಏಪ್ರಿಲಿನಲ್ಲಿ ಜಾರಿಗೆ ಬಂದ ಹೊಸ ಏರ್ಪಾಟಿನಂತೆ ೩೫ ವರ್ಷ ಸಾಕು. ಹತ್ತು ವರ್ಷಗಳಿಗಿಂತ ಕಡಿಮೆಯಾದರೆ ಏನೂ ಇಲ್ಲ. ಅಂದಮೇಲೆ ಇದು ಧರ್ಮಛತ್ರದ ಅನ್ನವಲ್ಲ. ಅರ್ಧ ಆಯುಷ್ಯದ ದುಡಿಮೆಯಿಂದ ಬಂದುದು.

ಮೊದಲು ಹೀಗಿರಲಿಲ್ಲ. ೧೯೦೮ರಲ್ಲಿ ಶಾಸನವಾಗಿ ೧೯೦೯ರ ಹೊಸವರ್ಷದ ದಿನ ಮೊಟ್ಟಮೊದಲು ಕೈಗೆ ಬಂದ ವೃದ್ಧಾಪ್ಯ ಪಿಂಚಣಿ ಎಪ್ಪತ್ತು ತುಂಬಿದ ಬಡವರಿಗೆ ಮಾತ್ರ ಮೀಸಲಾಗಿತ್ತು. ವಾರಕ್ಕೆ ಹೆಚ್ಚೆಂದರೆ ಐದು ಷಿಲಿಂಗು. ವಂತಿಗೆಯ ಪದ್ಧತಿ ಬಂದುದು ೧೯೨೫ರ ಶಾಸನದಿಂದ. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ವಿಲಿಯಂ ಬೆವರಿಜ್ ಎಂಬ ಅರ್ಥಶಾಸ್ತ್ರಜ್ಞ ಒಪ್ಪಿಸಿದ ವರದಿಯೇ ಇಂದಿನ ವ್ಯವಸ್ಥೆಗೆ ತಳಹದಿ. ಹುಟ್ಟಿನಿಂದ ಸಾವಿನವರೆಗೂ ರಾಜ್ಯ ಪ್ರಜೆಯ ಕೈಬಿಡಬಾರದೆಂಬ ಆ ವರದಿಯ ಆಶಯ ಯುದ್ಧಾನಂತರ ಶಾಸನವಾಯಿತು. ೧೯೪೮ರ ಜುಲೈ ೫ರಂದು ರಾಷ್ಟ್ರೀಯ ವಿಮೆಯೂ ಉಚಿತ ವೈದ್ಯಸೇವೆಯೂ ಒಂದೇ ದಿನ ಆರಂಭವಾದುವು. ಆಗ ಒಂಟಿ ವ್ಯಕ್ತಿಗೆ ಪಿಂಚಣಿ ವಾರಕ್ಕೆ ೨೬ ಷಿಲಿಂಗು.

ಅದಕ್ಕೆ ಸರಿಯಾಗಿ ಎರಡು ವಾರಗಳ ಹಿಂದೆ, ಜೂನ್ ತಿಂಗಳ ಕೊನೆಯಲ್ಲಿ, ‘ಎಂಪೈರ್ ವಿಂಡ್‌ರಷ್’ ಎಂಬ ಹಡಗು ವೆಸ್ಟ್ ಇಂಡೀಸ್ ದ್ವೀಪಗಳಿಂದ ನೂರಾರು ಜನರನ್ನು ತುಂಬಿಕೊಂಡು ಲಂಡನ್ನಿನ ಬಳಿಯ ಟಿಲ್ಬರಿ ಬಂದರಿಗೆ ಬಂದಿತ್ತು. ಯುದ್ಧದಿಂದ ಬಡವಾದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದುವು. ಆ ಹಡಗಿನಲ್ಲಿ ಬಂದವರೂ ಅವರ ಹಿಂದೆ ಬಂದವರೂ ಬಸ್ಸು ಓಡಿಸಿದರು, ಆಸ್ಪತ್ರೆಗಳಲ್ಲಿ ರೋಗಿಗಳ ಶುಶ್ರೂಷೆ ಮಾಡಿದರು, ಮೊದಲ ವಾರದ ಸಂಬಳದಿಂದಲೇ ವಂತಿಗೆ ಕಟ್ಟಿದರು. ಮುಪ್ಪಿನಲ್ಲಿ ಹುಟ್ಟೂರಿನ ಬಿಸಿಲಿಗೆ ಮರಳಿದವರ ಗತಿ ಏನಾಯಿತೆಂಬುದು ಅವರು ಯಾವ ದ್ವೀಪದಲ್ಲಿ ಹುಟ್ಟಿದ್ದರೆಂಬುದನ್ನು ಅವಲಂಬಿಸಿತು. ಜಮೈಕಕ್ಕೋ ಬಾರ್ಬಡೋಸಿಗೋ ಮರಳಿದವರ ಪಿಂಚಣಿ ಏರುತ್ತ ಹೋಯಿತು. ಟ್ರಿನಿಡಾಡಿಗೆ ಮರಳಿದವರದು ನಿಂತಲ್ಲೇ ನಿಂತಿತು. ಲಂಡನ್ನಿನ ಒಂದೇ ಬಸ್ ಡಿಪೋದಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಚಹ ಕುಡಿದವರಲ್ಲಿ ಈ ಭೇದವನ್ನು ಅಂದು ಯಾರು ತಾನೇ ಊಹಿಸಿದ್ದಾರು!

ಈ ಭೇದದ ಗುಟ್ಟು ಇಷ್ಟೇ. ಪಿಂಚಣಿಯನ್ನು ಜಗತ್ತಿನ ಯಾವ ಮೂಲೆಗಾದರೂ ಕಳುಹಿಸಿಕೊಡಲು ಬ್ರಿಟಿಷ್ ಸರ್ಕಾರ ೧೯೫೦ರ ದಶಕದಲ್ಲಿಯೇ ಒಪ್ಪಿತು. ಆದರೆ ಏರಿಕೆಯ ಪ್ರಶ್ನೆ ಬಂದಾಗ, ಯಾವ ದೇಶದೊಡನೆ ಅದಕ್ಕೆಂದು ಪರಸ್ಪರ ಒಪ್ಪಂದವಿದೆಯೋ ಅಲ್ಲಿಗೆ ಮಾತ್ರ ಎಂದಿತು. ಯೂರೋಪಿನ ಒಕ್ಕೂಟದ ದೇಶಗಳಿಗೆ ಏರಿಕೆ ಉಂಟು; ಬ್ರಿಟನ್ ಒಕ್ಕೂಟವನ್ನು ಬಿಟ್ಟು ಹೊರಬಂದ ಮೇಲೆಯೂ ಅದು ಮುಂದುವರಿದಿದೆ. ಆದುದರಿಂದ ಸ್ಪೇನಿನ ಕಡಲತೀರದಲ್ಲಿ ಬಿಸಿಲು ಕಾಯಿಸುತ್ತಿರುವ ಇಂಗ್ಲಿಷ್ ಮುದುಕನಿಗೆ ಯಾವ ಚಿಂತೆಯೂ ಇಲ್ಲ. ಅಮೆರಿಕ, ಇಸ್ರೇಲ್, ಟರ್ಕಿ, ಮಾರಿಷಸ್, ಫಿಲಿಪ್ಪೀನ್ಸ್ ಈ ದೇಶಗಳೂ ಪಟ್ಟಿಯಲ್ಲಿವೆ. ಮನಿಲದಲ್ಲಿ ಏರುವ ಪಿಂಚಣಿ ಮುಂಬಯಿಯಲ್ಲಿ ಏರದು. ಇನ್ನೂ ಸೋಜಿಗದ ಸಂಗತಿಯುಂಟು. ವರ್ಜಿನ್ ದ್ವೀಪಗಳೆಂಬ ದ್ವೀಪಸಮೂಹದ ಒಂದು ಭಾಗ ಅಮೆರಿಕದ್ದು, ಇನ್ನೊಂದು ಬ್ರಿಟನ್ನಿನದು. ಬ್ರಿಟಿಷ್ ಪಿಂಚಣಿ ಏರುವುದು ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಅಲ್ಲ! ೧೯೮೨ರಲ್ಲಿ ಯಾವ ನೆಲಕ್ಕಾಗಿ ಬ್ರಿಟನ್ ಎಂಟು ಸಾವಿರ ಮೈಲಿ ದೂರಕ್ಕೆ ನೌಕಾಬಲವನ್ನು ಕಳುಹಿಸಿ ಯುದ್ಧ ಮಾಡಿತೋ ಆ ಫಾಕ್ಲೆಂಡ್ ದ್ವೀಪಗಳಲ್ಲಿರುವ ಪಿಂಚಣಿದಾರರಿಗೂ ಏರಿಕೆಯಿಲ್ಲ.

ಬೆಲೆಗಳು ಸ್ಥಿರವಾಗಿದ್ದ ಕಾಲದಲ್ಲಿ ಇದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಬ್ರಿಟನ್ನಿನಲ್ಲಿಯೂ ಆಗ ಪಿಂಚಣಿಯ ಏರಿಕೆ ವರ್ಷಕ್ಕೊಮ್ಮೆ ಬರುವ ಹಬ್ಬವಾಗಿರಲಿಲ್ಲ. ಪಾರ್ಲಿಮೆಂಟಿಗೆ ಮನಸ್ಸು ಬಂದಾಗ ಆಗುತ್ತಿತ್ತು. ೧೯೭೦ರ ದಶಕದಲ್ಲಿ ಬೆಲೆಗಳು ಹಗ್ಗ ಬಿಚ್ಚಿದ ಹೋರಿಯಂತೆ ಓಡತೊಡಗಿದುವು. ೧೯೭೫ರಲ್ಲಿ ಬೆಲೆಯೇರಿಕೆ ಶೇಕಡಾ ೨೪ನ್ನು ಮುಟ್ಟಿತು. ಆಗ ವರ್ಷವರ್ಷವೂ ಪಿಂಚಣಿಯನ್ನು ಏರಿಸುವುದು ಸರ್ಕಾರದ ಕರ್ತವ್ಯವೆಂದು ಶಾಸನವೇ ಆಯಿತು. ೨೦೧೦ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಇನ್ನೂ ಮುಂದೆ ಹೋಗಿ, ಬೆಲೆಗಳ ಏರಿಕೆ, ಸಂಬಳಗಳ ಏರಿಕೆ, ಇಲ್ಲವೆ ಶೇಕಡಾ ಎರಡೂವರೆ, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಏರಿಸುವ ವಾಗ್ದಾನ ಮಾಡಿತು. ಒಳಗಿರುವವರ ಸೌಲಭ್ಯ ಬೆಳೆದಂತೆಲ್ಲ ಹೊರಗಿರುವವರ ನಷ್ಟವೂ ಬೆಳೆಯಿತು.

ಅಂಕಿಗಳನ್ನೇ ನೋಡಬಹುದು. ೧೯೯೦ರಲ್ಲಿ ಮೂಲ ಪಿಂಚಣಿ ವಾರಕ್ಕೆ ೪೬ ಪೌಂಡು ೯೦ ಪೆನ್ಸ್. ೨೦೦೦ದಲ್ಲಿ ೬೭ ಪೌಂಡು ೫೦ ಪೆನ್ಸ್. ೨೦೧೦ರಲ್ಲಿ ೯೭ ಪೌಂಡು ೬೫ ಪೆನ್ಸ್. ೨೦೨೫ರ ಏಪ್ರಿಲಿನಿಂದ ೧೭೬ ಪೌಂಡು ೪೫ ಪೆನ್ಸ್. ೨೦೧೬ರ ಬಳಿಕ ನಿವೃತ್ತರಾದವರ ಹೊಸ ಪಿಂಚಣಿ ಇದಕ್ಕಿಂತ ಹೆಚ್ಚು. ೨೦೨೫ರಲ್ಲಿ ಅದು ೨೩೦ ಪೌಂಡು ೨೫ ಪೆನ್ಸ್ ಆಯಿತು. ೨೦೦೦ದಲ್ಲಿ ಪೂರ್ಣ ಮೂಲ ಪಿಂಚಣಿ ಪಡೆಯತೊಡಗಿ ಕೆನಡಾದಲ್ಲಿ ನೆಲೆಸಿರುವ ಮುದುಕಿಗೆ ೨೦೨೫ರಲ್ಲಿಯೂ ಬರುವುದು ಆ ೬೭ ಪೌಂಡು ೫೦ ಪೆನ್ಸೇ. ಸೇತುವೆಯ ಆಚೆ ಇರುವ ಆಕೆಯ ಓರಗೆಯವಳಿಗೆ ವಾರಕ್ಕೆ ೧೦೮ ಪೌಂಡು ೯೫ ಪೆನ್ಸ್ ಹೆಚ್ಚು. ವರ್ಷಕ್ಕೆ ಐದು ಸಾವಿರದ ಆರುನೂರು ಪೌಂಡುಗಳಿಗೂ ಮಿಗಿಲು. ಮುಪ್ಪು ಹೆಚ್ಚಿದಂತೆ ಔಷಧಿಯ ಖರ್ಚು ಹೆಚ್ಚುತ್ತದೆ. ಇವರಿಗಾದರೋ ವಯಸ್ಸಾದಷ್ಟೂ ಕೈಗೆ ಬರುವ ಹಣದ ಬೆಲೆ ಇಳಿಯುತ್ತದೆ. ಅತ್ಯಂತ ಹಿರಿಯರೇ ಅತ್ಯಂತ ಬಡವರಾಗುವಂತೆ ರಚಿತವಾದ ಏರ್ಪಾಟು ಇದು.

ಈ ಅನ್ಯಾಯವನ್ನು ನ್ಯಾಯಾಲಯಕ್ಕೆ ಒಯ್ದವರಲ್ಲಿ ಆನೆಟ್ ಕಾರ್ಸನ್ ಎಂಬ ಮಹಿಳೆಯ ಹೆಸರು ಕಾನೂನಿನ ಗ್ರಂಥಗಳಲ್ಲಿ ಉಳಿದಿದೆ. ಆಕೆ ಬ್ರಿಟನ್ನಿನಲ್ಲಿ ದುಡಿದು ದಕ್ಷಿಣ ಆಫ್ರಿಕಕ್ಕೆ ಹೋಗಿ ನೆಲೆಸಿದವರು. ಅಲ್ಲಿಗೆ ಹೋದ ಮೇಲೆಯೂ ತಾವಾಗಿ ವಂತಿಗೆ ಕಟ್ಟುತ್ತಿದ್ದವರು. ೨೦೦೦ದಲ್ಲಿ ಅವರಿಗೆ ಪಿಂಚಣಿ ಆರಂಭವಾಯಿತು, ಅಲ್ಲಿಗೇ ನಿಂತಿತು. ವಾಸಸ್ಥಳವೊಂದನ್ನೇ ಕಾರಣವಾಗಿಟ್ಟುಕೊಂಡು ಮನುಷ್ಯ ಮನುಷ್ಯರಲ್ಲಿ ತಾರತಮ್ಯ ಮಾಡುವುದು ಮಾನವ ಹಕ್ಕುಗಳ ಒಡಂಬಡಿಕೆಗೆ ವಿರುದ್ಧವೆಂಬುದು ಅವರ ವಾದ. ೨೦೦೫ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸಿನ ನ್ಯಾಯಮೂರ್ತಿಗಳು ನಾಲ್ವರು ಸರ್ಕಾರದ ಪರವಾಗಿಯೂ ಲಾರ್ಡ್ ಕಾರ್ಸ್‌ವೆಲ್ ಒಬ್ಬರು ಆಕೆಯ ಪರವಾಗಿಯೂ ತೀರ್ಪಿತ್ತರು. ಪ್ರಧಾನ ತೀರ್ಪನ್ನು ಬರೆದ ಲಾರ್ಡ್ ಹಾಫ್‌ಮನ್ನರು ಹುಟ್ಟಿದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿಯೇ ಎಂಬುದು ವಿಧಿಯ ಚೇಷ್ಟೆಯಂತೆ ತೋರುತ್ತದೆ. ಆಕೆ ಎದೆಗುಂದಲಿಲ್ಲ. ಇನ್ನೂ ಹನ್ನೆರಡು ಮಂದಿ ಪಿಂಚಣಿದಾರರೊಡನೆ ಸ್ಟ್ರಾಸ್‌ಬೂರ್ಗಿನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಕದ ತಟ್ಟಿದರು. ೨೦೧೦ರ ಮಾರ್ಚ್ ೧೬ರಂದು ಅಲ್ಲಿನ ಮಹಾಪೀಠ ಹನ್ನೊಂದಕ್ಕೆ ಆರು ಮತಗಳಿಂದ ಅದೇ ಮಾತನ್ನು ಹೇಳಿತು.

ನ್ಯಾಯಾಲಯಗಳ ತರ್ಕವನ್ನು ಅಲ್ಲಗಳೆಯುವುದು ಸುಲಭವಲ್ಲ. ವಂತಿಗೆಯ ಹಣವನ್ನು ಕಟ್ಟಿದವನ ಹೆಸರಿನಲ್ಲಿ ಯಾವ ಗಡಿಗೆಯಲ್ಲಿಯೂ ಕೂಡಿಟ್ಟಿಲ್ಲ. ಇಂದು ದುಡಿಯುವವರ ಹಣದಿಂದಲೇ ಇಂದಿನ ಮುದುಕರಿಗೆ ಪಿಂಚಣಿ. ಅದೇ ಹಣದಿಂದ ಬೇರೆ ಸಹಾಯಗಳೂ ನಡೆಯುತ್ತವೆ. ಏರಿಕೆಯ ಲೆಕ್ಕ ಬ್ರಿಟನ್ನಿನ ಬೆಲೆಗಳನ್ನು ಹಿಡಿದು ಮಾಡುವುದು. ಬೇರೆ ದೇಶದ ಅಕ್ಕಿಯ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಹೊರದೇಶದಲ್ಲಿ ನೆಲೆಸಿರುವವನು ಆ ಬ್ರಿಟಿಷ್ ಸಮಾಜದೊಳಗಿನವನಿಗೆ ಸಮಾನನಲ್ಲ. ಇವೆಲ್ಲ ಸರಿಯೇ. ಆದರೆ ಬೆಲೆಯ ತರ್ಕ ಮುಂಬಯಿಗೆ ಅನ್ವಯಿಸುವುದಾದರೆ ಮನಿಲಕ್ಕೇಕೆ ಅನ್ವಯಿಸದು? ವಂತಿಗೆಗೂ ಪಿಂಚಣಿಗೂ ಗಂಟಿಲ್ಲವೆನ್ನುವ ಸರ್ಕಾರ, ಪಿಂಚಣಿಯನ್ನು ಮಂಜೂರು ಮಾಡುವ ದಿನ ಮಾತ್ರ ಬೆರಳು ಮಡಿಸಿ ವಂತಿಗೆಯ ವರ್ಷಗಳನ್ನು ಎಣಿಸುತ್ತದೆ. ಒಂದು ವರ್ಷ ಕಡಿಮೆಯಾದರೆ ಅಷ್ಟು ಹಣವನ್ನು ಕಡಿಮೆ ಮಾಡುತ್ತದೆ. ಕೊಡುವ ದಿನ ವಂತಿಗೆ, ಏರಿಸುವ ದಿನ ವಾಸಸ್ಥಳ ಎಂಬ ಈ ಎರಡು ಅಳತೆಗೋಲುಗಳು ಸಾಮಾನ್ಯ ಮನುಷ್ಯನ ನ್ಯಾಯಬುದ್ಧಿಗೆ ಒಪ್ಪಿಗೆಯಾಗುವಂಥವಲ್ಲ. ನ್ಯಾಯಾಲಯಗಳು ಹೇಳಿದ್ದು ಇದು ಕಾನೂನಿಗೆ ವಿರುದ್ಧವಲ್ಲವೆಂದು ಮಾತ್ರ. ಧರ್ಮಕ್ಕೆ ವಿರುದ್ಧವೋ ಎಂಬುದನ್ನು ಪಾರ್ಲಿಮೆಂಟಿಗೆ ಬಿಟ್ಟವು. ಪಾರ್ಲಿಮೆಂಟಿನಲ್ಲಿ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಉತ್ತರ ಒಂದೇ: ಹಣವಿಲ್ಲ.

ಹಣದ ಮಾತು ನಿಜ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುವಬೇಕು. ಮುದುಕರಿಗೆ ಬ್ರಿಟನ್ನಿನಲ್ಲಿ ಆಸ್ಪತ್ರೆಯ ಸೇವೆ ಉಚಿತ. ಮಕ್ಕಳ ಬಳಿಗೆಂದು ಕ್ಯಾಲ್ಗರಿಗೋ ಬ್ರಿಸ್ಬೇನಿಗೋ ಹೋದವರು ಆ ಭಾರವನ್ನು ಬ್ರಿಟನ್ನಿನ ಹೆಗಲಿನಿಂದ ಇಳಿಸಿಯೇ ಹೋಗಿರುತ್ತಾರೆ. ಆ ಭಾರ ಬೀಳುವುದು ಹೋದ ದೇಶದ ಮೇಲೆ. ಆಸ್ಟ್ರೇಲಿಯದಲ್ಲಿ ವರಮಾನ ಸಾಲದ ಮುದುಕರಿಗೆ ಅಲ್ಲಿನ ಸರ್ಕಾರವೇ ತನ್ನ ಪಿಂಚಣಿಯಿಂದ ಕೊರತೆಯನ್ನು ತುಂಬಿಕೊಡುತ್ತದೆ. ಅಂದರೆ ಬ್ರಿಟನ್ ಏರಿಸದೆ ಉಳಿಸಿದ ಹಣದ ಒಂದು ಭಾಗವನ್ನು ಆಸ್ಟ್ರೇಲಿಯದ ತೆರಿಗೆದಾರ ತೆರುತ್ತಾನೆ. ಎಷ್ಟು ಕೇಳಿದರೂ ಬ್ರಿಟನ್ ಜಗ್ಗದಿದ್ದುದರಿಂದ ಆಸ್ಟ್ರೇಲಿಯ ೨೦೦೧ರಲ್ಲಿ ಬ್ರಿಟನ್ನಿನೊಡನಿದ್ದ ಸಾಮಾಜಿಕ ಭದ್ರತೆಯ ಒಪ್ಪಂದವನ್ನೇ ಮುರಿದುಕೊಂಡಿತು. ಕೆನಡಾ ಇಂದಿಗೂ ಕೇಳುತ್ತಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಕೆನಡಾದ ಪಿಂಚಣಿದಾರರಿಗೆ ತನ್ನ ಕಡೆಯಿಂದ ಏರಿಕೆಯನ್ನು ಅದು ಎಂದೂ ತಡೆಹಿಡಿದಿಲ್ಲ.

ಹೊರಗೆ ಹೋದುದು ಅವರ ಇಚ್ಛೆ, ನಿಯಮವನ್ನು ತಿಳಿದೇ ಹೋದರು ಎಂಬುದು ಸರ್ಕಾರದ ಪರವಾಗಿ ಆಗಾಗ ಕೇಳಿಬರುವ ಇನ್ನೊಂದು ಮಾತು. ಮುಪ್ಪಿನಲ್ಲಿ ಒಂಟಿಯಾದ ತಾಯಿ ಮಗಳ ಊರಿಗೆ ಹೋಗುವುದನ್ನು ಇಚ್ಛೆ ಎನ್ನಬಹುದಾದರೆ ಮಾತ್ರ ಈ ವಾದ ನಿಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ಸೇವೆ ಸಲ್ಲಿಸಿದ ಆನ್ ಪಕ್‌ರಿಜ್ ಎಂಬಾಕೆ ಎಪ್ಪತ್ತು ದಾಟುವವರೆಗೂ ದುಡಿದು, ೨೦೦೧ರಲ್ಲಿ ಮಗಳಿಗೆ ಹತ್ತಿರವಿರಬೇಕೆಂದು ಕೆನಡಾದ ಕ್ಯಾಲ್ಗರಿಗೆ ಹೋದರು. ಅವರ ಪಿಂಚಣಿ ವಾರಕ್ಕೆ ೭೨ ಪೌಂಡು ೫೦ ಪೆನ್ಸಿಗೆ ನಿಂತಿತು. ೨೦೨೪ರ ಡಿಸೆಂಬರಿನಲ್ಲಿ, ನೂರನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿ, ಆಕೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಲಂಡನ್ನಿಗೆ ಬಂದು ಪಾರ್ಲಿಮೆಂಟಿನ ಸದಸ್ಯರ ಮುಂದೆ ತಮ್ಮಂಥವರ ಅಹವಾಲನ್ನು ಹೇಳಿಕೊಂಡರು. ಮುಂದಿನ ಏಪ್ರಿಲಿನಲ್ಲಿ ಪಿಂಚಣಿ ಶೇಕಡಾ ೪.೧ರಷ್ಟು ಏರಿದಾಗ ಕೆನಡಾಕ್ಕೆ ಅದು ತಲಪಲಿಲ್ಲ. ಈ ಜನ ಹಳೆಯ ಬಾಕಿಯನ್ನು ಕೇಳುತ್ತಿಲ್ಲವೆಂಬುದನ್ನು ಗಮನಿಸಬೇಕು. ಕಳೆದುದು ಕಳೆಯಿತು, ಇಂದು ಎಷ್ಟು ಬರುತ್ತಿದೆಯೋ ಅದರ ಮೇಲೆ ಇನ್ನು ಮುಂದಿನ ಏರಿಕೆಯನ್ನಾದರೂ ಕೊಡಿ ಎಂಬುದು ಅವರ ಸಂಘಗಳು ಮುಂದಿಟ್ಟಿರುವ ಸೂಚನೆ. ಇಷ್ಟು ಕಡಿಮೆ ಕೇಳುವ ಚಳವಳಿ ಅಪರೂಪ.

ಹೀಗೆ ಕೇಳುವವರ ಕೈಯಲ್ಲಿ ಬಹುಕಾಲ ಮತವೂ ಇರಲಿಲ್ಲ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಬ್ರಿಟಿಷ್ ಪ್ರಜೆ ಮತದಾನದ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ೨೦೨೨ರ ಶಾಸನ ಆ ಮಿತಿಯನ್ನು ತೆಗೆದುಹಾಕಿ, ೨೦೨೪ರ ಜನವರಿಯಿಂದ ಆಜೀವ ಮತದಾನಕ್ಕೆ ಅವಕಾಶ ಕೊಟ್ಟಿತು. ಆದರೆ ಅವರ ಮತ ಬೀಳುವುದು ಹಿಂದೆ ತಾವಿದ್ದ ಕ್ಷೇತ್ರಗಳಲ್ಲಿ. ಆರುನೂರೈವತ್ತು ಕ್ಷೇತ್ರಗಳಲ್ಲಿ ಹರಡಿಹೋದ ಮುದುಕರ ಮತಕ್ಕೆ ಯಾವ ಅಭ್ಯರ್ಥಿ ತಾನೇ ಬೆದರುತ್ತಾನೆ?

ಈ ಸಂಗತಿ ಕನ್ನಡ ನಾಡಿಗೆ ಅಷ್ಟೇನೂ ದೂರದ್ದಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದಶಕಗಳ ಕಾಲ ದುಡಿದ ಭಾರತೀಯ ವೈದ್ಯರಲ್ಲಿ ಕನ್ನಡಿಗರೂ ಇದ್ದಾರೆ. ಅಂಥವರು ಮುಪ್ಪಿನಲ್ಲಿ ಮೈಸೂರಿಗೋ ಮಂಗಳೂರಿಗೋ ಮರಳಿದರೆ ಅವರಿಗೆ ಎರಡು ಪಿಂಚಣಿಗಳು ಬರುತ್ತವೆ. ಒಂದು ಆರೋಗ್ಯ ಸೇವೆಯ ನೌಕರನೆಂಬ ನೆಲೆಯಲ್ಲಿ ಬರುವುದು. ಅದು ಬೆಲೆಗಳೊಡನೆ ವರ್ಷವರ್ಷವೂ ಏರುತ್ತದೆ, ಯಾವ ದೇಶದಲ್ಲಿದ್ದರೂ ಸರಿಯೆ. ಇನ್ನೊಂದು ವಂತಿಗೆ ಕಟ್ಟಿದ ಪ್ರಜೆಯೆಂಬ ನೆಲೆಯಲ್ಲಿ ಬರುವುದು; ಅದು ಭಾರತದಲ್ಲಿ ಏರದು. ಒಂದೇ ಸರ್ಕಾರ, ಒಂದೇ ಬ್ಯಾಂಕಿನ ಖಾತೆ, ಒಂದು ಕೈ ನೀಡುತ್ತದೆ, ಇನ್ನೊಂದು ಮುಷ್ಟಿ ಬಿಗಿಯುತ್ತದೆ. ರೂಪಾಯಿಯ ಎದುರು ಪೌಂಡಿನ ಬೆಲೆ ಏರಿರುವುದರಿಂದ ಇಲ್ಲಿರುವವರಿಗೆ ಮೊತ್ತ ಒಂದಿಷ್ಟು ಬೆಳೆದಂತೆ ತೋರಬಹುದು. ತರಕಾರಿಯ ಅಂಗಡಿಗೆ ಹೋದಾಗ ಆ ಭ್ರಮೆ ಕಳೆಯುತ್ತದೆ.

೨೦೨೫ರ ಜುಲೈ ತಿಂಗಳಲ್ಲಿ ಭಾರತಕ್ಕೂ ಬ್ರಿಟನ್ನಿಗೂ ವ್ಯಾಪಾರ ಒಪ್ಪಂದವಾದಾಗ, ಸಾಮಾಜಿಕ ಭದ್ರತೆಯ ವಿಷಯದಲ್ಲಿಯೂ ಒಂದು ಒಡಂಬಡಿಕೆಗೆ ಎರಡು ದೇಶಗಳು ಒಪ್ಪಿದವೆಂಬ ವಾರ್ತೆಯನ್ನು ಓದಿ ಕೆಲವರು ಹರ್ಷಪಟ್ಟಿರಬಹುದು. ಅದರ ವ್ಯಾಪ್ತಿ ಬೇರೆ. ಬೆಂಗಳೂರಿನ ಕಂಪನಿಯೊಂದು ತನ್ನ ಇಂಜಿನಿಯರನನ್ನು ಎರಡು ಮೂರು ವರ್ಷಗಳ ಮಟ್ಟಿಗೆ ಲಂಡನ್ನಿಗೆ ಕಳುಹಿಸಿದರೆ, ಅವನು ಎರಡೂ ಕಡೆ ವಂತಿಗೆ ಕಟ್ಟಬೇಕಾದುದಿಲ್ಲ ಎಂಬುದಷ್ಟೇ ಅದರ ಸಾರ. ಹತ್ತು ವರ್ಷ ತುಂಬದೆ ಪಿಂಚಣಿಯ ಹಕ್ಕೇ ಹುಟ್ಟದಿರುವಾಗ ಅಂಥ ಇಂಜಿನಿಯರನ ವಂತಿಗೆ ನೀರಿಗೆ ಹಾಕಿದ ಹಣವಾಗುತ್ತಿತ್ತು. ಅದು ತಪ್ಪುವುದು ಒಳ್ಳೆಯದೇ. ಮರಳಿ ಬಂದ ವೃದ್ಧರ ಪಿಂಚಣಿಯ ಏರಿಕೆಯ ಮಾತು ಅದರಲ್ಲಿಲ್ಲ.

ಆದುದರಿಂದ ಬ್ರಿಟನ್ನಿನಲ್ಲಿ ದುಡಿದು ಊರಿಗೆ ಮರಳಲು ಸಿದ್ಧರಾಗುತ್ತಿರುವ ನೆಂಟರು ಯಾರಿಗಾದರೂ ಇದ್ದರೆ ಅವರಿಗೆ ತಿಳಿಸಬೇಕಾದ ಸಂಗತಿ ಹೀಗಿದೆ. ಪಿಂಚಣಿ ಆರಂಭವಾದ ಮೇಲೆ ಭಾರತಕ್ಕೆ ಬಂದರೆ, ಹೊರಟ ದಿನ ಇದ್ದ ಮೊತ್ತವೇ ಮುಂದೆಯೂ ಬರುತ್ತದೆ. ಮೊದಲೇ ಬಂದು ನೆಲೆಸಿದ್ದರೆ, ಪಿಂಚಣಿ ಆರಂಭವಾದ ದಿನದ ಮೊತ್ತ. ಮಗನನ್ನೋ ಮೊಮ್ಮಕ್ಕಳನ್ನೋ ನೋಡಲು ಕೆಲವು ವಾರ ಬ್ರಿಟನ್ನಿಗೆ ಹೋದರೆ, ಪಿಂಚಣಿಯ ಕಚೇರಿಗೆ ತಿಳಿಸಿ ಆ ವಾರಗಳ ಮಟ್ಟಿಗೆ ಪೂರ್ಣ ಮೊತ್ತವನ್ನು ಕೇಳಿ ಪಡೆಯಬಹುದು. ವಿಮಾನ ಹತ್ತಿ ಹಿಂದಿರುಗಿದ ಮೇಲೆ ಅದು ಮತ್ತೆ ಹಳೆಯ ಮೊತ್ತಕ್ಕೆ ಇಳಿಯುತ್ತದೆ.